ಕೊಲಂಬೊದ ಬಾಡಿಗೆ ಮನೆ, ಬೀಜಾಡಿಯ ಜಗಲಿ

ನಮ್ಮ ಕುಟುಂಬಕ್ಕೆ ಸಮುದ್ರದಾಚೆ ನಾಲ್ಕು ಬಾಡಿಗೆ ಮನೆಗಳಿದ್ದವು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಆಗಲೂ ನಗುವವರಿದ್ದರು. ಬೀಜಾಡಿಯ ನಮ್ಮ ಮನೆಯ ಅರ್ಧ ಮಾಡಿಗೆ ಇನ್ನೂ ಹುಲ್ಲು ಹೊದಿಸುತ್ತಿದ್ದ ಕಾಲ ಅದು. ಕಡಲ ಗಾಳಿ ಜೋರಾದರೆ ಅಡುಗೆಮನೆಯ ಮೂಲೆಯಲ್ಲಿ ಆಕಾಶ ಕಾಣುತ್ತಿತ್ತು. ಅಂಥ ನಾವು ಸಿಲೋನಿನ ಕೊಲಂಬೊದಲ್ಲಿ ಹಂಚಿನ ಮನೆ ಇಟ್ಟುಕೊಂಡು, ಗುರುತು ಪರಿಚಯ ಇಲ್ಲದವರನ್ನು ಅದರೊಳಗೆ ಬೆಚ್ಚಗೆ ಕೂರಿಸಿ ಬಾಡಿಗೆ ತೆಗೆದುಕೊಳ್ಳುತ್ತಿದ್ದೆವು. ಆ ಮನೆಗಳನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇಬ್ಬರೇ. ಒಬ್ಬರು ಅವನ್ನು ಕೊಂಡ ದೊಡ್ಡ ಮಾವ, ಅಂದರೆ ಅಮ್ಮನ ಅಣ್ಣ. ಇನ್ನೊಬ್ಬಳು ಅವರ ಹೆಂಡತಿ, ನನ್ನ ಅತ್ತೆ.

ಮಾವ ಕೊಲಂಬೊಗೆ ಹೋದದ್ದು ಹಂಚಿನ ಬೆನ್ನು ಹತ್ತಿ. ಕುಂದಾಪುರದ ಕಾರ್ಖಾನೆಗಳಲ್ಲಿ ಸುಟ್ಟ ಹಂಚು ಹಾಯಿಕಟ್ಟಿದ ಮಂಜಿ ಹಡಗುಗಳಲ್ಲಿ ಹೋಗುತ್ತಿತ್ತು. ಅಲ್ಲಿಯ ಬಂದರಿನಲ್ಲಿ ಅದನ್ನು ಇಳಿಸಿ, ಒಡೆದದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಮಾರಿಸುವ ಕೆಲಸ ಮಾವನದು. ಬಂದರಿನ ಸುತ್ತ ಎಲ್ಲೆಲ್ಲಿಂದಲೋ ಬಂದ ಜನ, ಯಾರಿಗೂ ಸ್ವಂತ ಸೂರಿಲ್ಲ, ಎಲ್ಲರೂ ಬಾಡಿಗೆಗೆ ಅಲೆಯುವವರು. ಅದನ್ನು ನೋಡಿ ನೋಡಿ ಮಾವನ ತಲೆಗೆ ಹುಳ ಹೊಕ್ಕಿತು. ಊರಿಗೆ ಬಂದಾಗೆಲ್ಲ ಜಗಲಿಯಲ್ಲಿ ಕೂತು ಅದೇ ಮಾತು.

"ಇಲ್ ಗದ್ದಿ ತಕಂಡ್ರೆ ವರ್ಷಕ್ಕೊಂದ್ ಸಲ ಗೇಣಿ. ಅಲ್ ಮನಿ ತಕಂಡ್ರೆ ತಿಂಗ್ಳ್ ತಿಂಗ್ಳ್ ಗೇಣಿ. ಮಳಿ ಬಂದ್ರೂ ಬಾಡ್ಗಿ, ಬರ್ದಿದ್ರೂ ಬಾಡ್ಗಿ" ಎನ್ನುತ್ತಿದ್ದರು.

ಕೊನೆಗೆ ಕುಟುಂಬದ ತೆಂಗಿನ ತೋಟದ ಹುಟ್ಟುವಳಿ, ಅವರ ಸಂಬಳದಲ್ಲಿ ಉಳಿದದ್ದು, ಅಜ್ಜಿಯ ಕೈಬಳೆ, ಎಲ್ಲ ಸೇರಿಸಿ ಒಂದೇ ಗೋಡೆಗೆ ಅಂಟಿಕೊಂಡ ನಾಲ್ಕು ಮನೆಗಳ ಸಾಲನ್ನು ಕೊಂಡೇಬಿಟ್ಟರು. ನಾಲ್ಕಕ್ಕೂ ಒಂದೇ ಬಾವಿ. ಮಾಡಿನ ಮೇಲೆ ನಮ್ಮೂರಿನದೇ ಹಂಚು. ಅದನ್ನು ಹೇಳುವಾಗ ಮಾವನ ಮುಖ ಅರಳುತ್ತಿತ್ತು.

ಅಜ್ಜಿಗೆ ಮಾತ್ರ ಈ ವ್ಯವಹಾರ ಕೊನೆವರೆಗೂ ಬಗೆಹರಿಯಲಿಲ್ಲ. ನಮ್ಮ ಗದ್ದೆ ಮಾಡುವ ಒಕ್ಕಲಿನವರು ಚೌತಿಗೆ ಸೌತೆಕಾಯಿ, ಬಾಳೆಗೊನೆ ತಂದು ಜಗಲಿಯ ಮೇಲಿಟ್ಟು ಹೋಗುವ ಪದ್ಧತಿ. ಅದನ್ನು ಕಂಡವಳಿಗೆ ಬೇರೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ.

"ನಿನ್ನ್ ಕೊಳಂಬಿನ ಒಕ್ಕಲ್ನವ್ರ್ ಒಂದ್ ಸೌತೆಕಾಯಿಯಾರೂ ತಂದ್ ಕೊಟ್ರಾ?" ಎಂದು ಕೇಳುತ್ತಿದ್ದಳು.

"ಅವ್ರ್ ಸೌತೆಕಾಯಿ ಕೊಡುದಿಲ್ಲೆ ಅಬ್ಬಿ. ಬಾಡ್ಗಿ ಕೊಡ್ತ್ರ್" ಎನ್ನುತ್ತಿದ್ದರು ಮಾವ ತಮ್ಮ ತಾಯಿಗೆ.

"ಬಾಡ್ಗಿ ಕೊಟ್ರೆ ಆಯ್ತಾ? ಒಡ್ಯರ್ ಅಂಬು ಮರ್ಯಾದಿ ಬ್ಯಾಡ್ದಾ?"

ನಾವೆಲ್ಲ ನಗುತ್ತಿದ್ದೆವು. ಮಾವ ಇನ್ನೊಂದು ಕಥೆಯನ್ನೂ ಹೇಳಿ ನಗಿಸುತ್ತಿದ್ದರು. ಕೊಲಂಬೊದ ನೋಂದಣಿ ಕಚೇರಿಯಲ್ಲಿ ಅಧಿಕಾರಿ, ಮನೆ ಯಾರ ಹೆಸರಿಗೆ ಎಂದು ಕೇಳಿದನಂತೆ. ಕುಟುಂಬದ್ದು ಎಂದರಂತೆ ಮಾವ. ಕುಟುಂಬ ಎಂದರೆ ಯಾರು, ಎಂದು ಅವನು. ಅಮ್ಮ, ತಂಗಿ, ತಮ್ಮ, ತಂಗಿಯ ಮಗಳು ಎಂದು ಮಾವ ಬೆರಳು ಮಡಚುತ್ತಾ ಹೋದರೆ ಆ ಮನುಷ್ಯ ಲೇಖನಿ ಕೆಳಗಿಟ್ಟು ಕೂತನಂತೆ. "ಕಡಿಗೆ ನನ್ನ್ ಹೆಸ್ರೇ ಬರೀ ಮರಾಯಾ ಅಂದೆ. ನಂದ್ ಆರೆಂತ, ಕುಟುಂಬದ್ ಆರೆಂತ, ಎರಡೂ ಒಂದೇ ಅಲ್ದಾ?"

ಒಂದೇ ಎಂದು ನಾವೂ ನಂಬಿದ್ದೆವು. ನಮ್ಮದು ಅಳಿಯಸಂತಾನದ ಮನೆ. ಆಸ್ತಿ ತಾಯಿಯಿಂದ ಮಗಳ ಕಡೆಗೆ ಇಳಿಯುವುದು. ಮನೆಯ ಹಿರಿಯ ಗಂಡಸು ಎಜಮಾನ ಎನ್ನಿಸಿಕೊಂಡು ಅದನ್ನು ನೋಡಿಕೊಳ್ಳುತ್ತಾನೆ ಅಷ್ಟೇ. ಅವನು ಕೊಂಡದ್ದು, ಕಟ್ಟಿದ್ದು ಎಲ್ಲ ಅಕ್ಕತಂಗಿಯರ ಸಂತಾನಕ್ಕೆ. ಅವನ ಹೆಂಡತಿಗೆ ಅವಳ ತಾಯಿಮನೆ ಇದೆಯಲ್ಲ, ಅವಳ ಪಾಲು ಅಲ್ಲಿ. ಇದು ನಮಗೆ ಉಸಿರಾಟದಷ್ಟು ಸಹಜ. ಬೇರೆ ದೇಶದಲ್ಲಿ ಬೇರೆ ರೀತಿ ಇರಬಹುದು ಎಂದು ಕೇಳುವುದಕ್ಕಾದರೂ ಯಾರಿಗಾದರೂ ಹೊಳೆಯಬೇಕಲ್ಲ.

ಇನ್ನು ಅತ್ತೆ. ಬ್ರಹ್ಮಾವರದ ಹೆಣ್ಣು. ಹೆತ್ತ ಎರಡು ಮಕ್ಕಳೂ ಉಳಿಯಲಿಲ್ಲ. ನನ್ನನ್ನು ಸಾಕಿದ್ದು ಅವಳೇ ಎಂದರೆ ತಪ್ಪಲ್ಲ. ಮನೆ ಕೊಂಡ ಹೊಸತರಲ್ಲಿ ಮಾವ ಅವಳನ್ನು ಕೊಲಂಬೊಗೆ ಕರೆದುಕೊಂಡು ಹೋಗಿ ಸಾಲಿನ ಕೊನೆಯ ಮನೆಯಲ್ಲಿ ಇಟ್ಟಿದ್ದರು. ಮಾವ ಬಂದರಿನಲ್ಲಿದ್ದಾಗ ಬಾಡಿಗೆ ಕೇಳಲು ಹೋಗುತ್ತಿದ್ದವಳು ಅತ್ತೆಯೇ. ದರ್ಜಿಯ ಹೆಂಡತಿ ಬಾಡಿಗೆ ತಡವಾದಾಗ ಅಳುತ್ತಿದ್ದದ್ದು, ಬಂದರಿನ ಗುಮಾಸ್ತ ಬಾವಿಕಟ್ಟೆಯಲ್ಲಿ ಜಗಳ ತೆಗೆಯುತ್ತಿದ್ದದ್ದು, ಎಲ್ಲ ಅವಳ ಬಾಯಲ್ಲಿ ಕೇಳಬೇಕು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಮಾವ ಅವಳನ್ನು ಊರಿಗೆ ಕಳಿಸಿದರು. ಬಂದವಳು ನನಗೆ ಎಕ, ದೆಕ, ತುನ ಎಂದು ಸಿಂಹಳದಲ್ಲಿ ಎಣಿಸುವುದನ್ನು ಕಲಿಸಿದಳು. ಅಮ್ಮನಿಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಅಮ್ಮನಿಗೆ ಅತ್ತೆಯ ಯಾವುದೂ ಹಿಡಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕುವುದರಿಂದ ಹಿಡಿದು ಸೌದೆ ಒಟ್ಟುವುದರವರೆಗೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅಮ್ಮ ಮನೆಮಗಳು, ಅತ್ತೆ ಮನೆಗೆ ಬಂದವಳು. ಅಮ್ಮನಿಗೂ ಒಂದು ಗಂಡನ ಮನೆ ಬೈಂದೂರಿನಲ್ಲಿ ಇತ್ತು. ಅಪ್ಪ ತೀರಿಕೊಂಡ ಮೇಲೆ, ನಾನು ಕೈಗೂಸಾಗಿದ್ದಾಗ, ಅವಳು ಬೀಜಾಡಿಗೆ ಬಂದವಳು. ಆ ಬಗ್ಗೆ ಅವಳು ಅಷ್ಟು ವರ್ಷ ಒಂದು ದಿನವೂ ಬಾಯಿ ಬಿಟ್ಟದ್ದಿಲ್ಲ. ಕೇಳಿದರೆ ಸಿಟ್ಟು. ಸಿಟ್ಟಿನಲ್ಲಿ ನಾನೂ ಅವಳ ಮಗಳೇ, ಆದ್ದರಿಂದ ನಮ್ಮ ಮಾತುಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಯುದ್ಧ ಕೊಲಂಬೊದ ಹತ್ತಿರ ಬಂದಾಗ ಒಂದಷ್ಟು ಕಾಲ ನಮಗೆ ನಿದ್ರೆಯಿಲ್ಲ. ಬಾಂಬು ಬಿತ್ತಂತೆ, ಬಂದರು ಹೊತ್ತಿ ಉರಿಯಿತಂತೆ ಎಂದು ಕೋಟೇಶ್ವರದ ಪೇಟೆಯಲ್ಲಿ ಬಾಯಿಗೊಂದು ಸುದ್ದಿ. ಬಾಡಿಗೆಯವರು ಮನೆ ಬಿಟ್ಟು ಓಡಿದರು. ಮಾವ ಓಡಲಿಲ್ಲ. ನಾಲ್ಕು ಖಾಲಿ ಮನೆಗಳ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು ಅಲ್ಲೇ ಉಳಿದರು. ಭಯ ಇಳಿದಾಗ ಬಾಡಿಗೆಯವರು ವಾಪಸು ಬಂದರು, ಬಾಡಿಗೆಯೂ ಬಂತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಸರಕಾರದವರು ಲೆವಿ ಎಂದು ಕಣಜದಿಂದ ಭತ್ತ ಅಳೆದುಕೊಂಡು ಹೋಗಲು ಶುರುಮಾಡಿದ್ದರು. ಗದ್ದೆ ಇದ್ದವರ ಮನೆಯಲ್ಲೇ ಅಕ್ಕಿಗೆ ಬರ. ಆ ವರ್ಷಗಳಲ್ಲಿ ನಾವು ಉಂಡ ಗಂಜಿ ಕೊಲಂಬೊದ ಬಾಡಿಗೆಯದು.

ಯುದ್ಧ ಮುಗಿಯುವ ಸುಮಾರಿಗೆ ಊರಿಗೆ ಬಂದಿದ್ದ ಮಾವನಿಗೆ ವಿಷಮಶೀತ ಜ್ವರ ಹತ್ತಿತು. ಮಲಗಿದವರು ಏಳಲಿಲ್ಲ. ಅತ್ತೆ ಅವರ ತಲೆಯ ಹತ್ತಿರ ಕೂತೇ ಇದ್ದಳು. ಉಸಿರು ನಿಂತಾಗಲೂ ಬೀಸಣಿಗೆ ಅವಳ ಕೈಯಲ್ಲೇ ಇತ್ತು.

ಬೊಜ್ಜ, ಅಂದರೆ ಉತ್ತರಕ್ರಿಯೆಯ ಊಟ, ಮುಗಿದ ಮರುದಿನ ಬೆಳಿಗ್ಗೆ ಅಮ್ಮ ಒಂದು ಮಣೆಯ ಮೇಲೆ ಹೊಸ ಸೀರೆ ಮತ್ತು ಒಂದು ಹಿತ್ತಾಳೆ ತಂಬಿಗೆ ಇಟ್ಟಳು. ಅದರ ಅರ್ಥ ಎಲ್ಲರಿಗೂ ಗೊತ್ತು. ಗಂಡ ಹೋದ ಮೇಲೆ, ಬೊಜ್ಜ ಮುಗಿದ ಮೇಲೆ, ಹೆಂಡತಿಗೆ ಆ ಮನೆಯಲ್ಲಿ ಜಾಗವಿಲ್ಲ. ಸೀರೆ ತಂಬಿಗೆ ತೆಗೆದುಕೊಂಡು ತಾಯಿಮನೆಗೆ ನಡೆಯಬೇಕು. ನಮ್ಮ ಕಡೆಯ ಹಲವು ಮನೆಗಳಲ್ಲಿ ಇದೇ ಕ್ರಮ. ಬ್ರಹ್ಮಾವರದಿಂದ ಅವಳ ಅಣ್ಣ ಕಳಿಸಿದ ಆಳು ಬಾಗಿಲಲ್ಲಿ ಕಾಯುತ್ತಿದ್ದ.

ಅತ್ತೆ ಸೀರೆಯನ್ನು ಮಡಿಲಿಗೆ ಹಾಕಿಕೊಂಡಳು, ತಂಬಿಗೆಯನ್ನು ಗಂಟಿಗೆ ಸೇರಿಸಿದಳು. ಹೊರಡುವಾಗ ಅಮ್ಮನ ಹತ್ತಿರ ಹೇಳಿದ್ದು ಇಷ್ಟೇ: "ಮಿಡಿ ಉಪ್ಪಿನಕಾಯಿ ಭರಣಿ ಬಾಯಿ ಕಟ್ಟಿದ್ದೆ. ಈಗ್ಳೆ ತೆಗುಕ್ ಹೋಯ್ಬೇಡ. ಹಾಳಾತ್ತ್."

ನನಗೆ ತಡೆಯಲಾಗಲಿಲ್ಲ. "ಅತ್ತೆ ಎಂತಕ್ಕೆ ಹೋಯ್ಕ್?" ಎಂದೆ. ಅಮ್ಮ ನನ್ನ ಕಡೆ ತಿರುಗಿ ದುರುಗುಟ್ಟಿ ನೋಡಿದಳು. ನಾನು ಬಸ್ಸಿನವರೆಗೆ ಅತ್ತೆಯ ಗಂಟು ಹೊತ್ತುಕೊಂಡು ಹೋದೆ. ಸಂಕಟವಾಗಿತ್ತು, ಅಮ್ಮನ ಮೇಲೆ ಹೇಸಿಗೆಯೂ ಬಂದಿತ್ತು. ಮನೆಗೆ ಬಂದು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಅವಳೇನೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಆ ತಿಂಗಳು ಬಾಡಿಗೆ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಈಗ ಎಜಮಾನರಾಗಿದ್ದ ಚಿಕ್ಕ ಮಾವ, ಅಮ್ಮನ ತಮ್ಮ, ಕುಂದಾಪುರದ ವಕೀಲರ ಹತ್ತಿರ ಹೋಗಿ ಕೊಲಂಬೊಗೆ ಬರೆಸಿದರು. ಉತ್ತರ ಬಂದ ದಿನ ಅವರು ಪೇಟೆಯಿಂದ ವಾಪಸು ಬಂದ ರೀತಿ ನನಗೆ ನೆನಪಿದೆ. ಜಗಲಿಯ ಕೆಳಗೇ ನಿಂತರು, ಚಪ್ಪಲಿ ಬಿಡಲಿಲ್ಲ.

"ಅಕ್ಕ, ಆ ಮನಿ ನಮ್ದಲ್ಲ ಗಡ, ವಕೀಲ್ರ್ ಅಂದ್ರ್" ಎಂದರು.

ಅಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಕೆಳಗಿಟ್ಟಳು. ಚಿಕ್ಕ ಮಾವ ಹೇಳುತ್ತಾ ಹೋದರು. ಮನೆ, ಜಾಗ ಯಾವ ದೇಶದಲ್ಲಿದೆಯೋ ಆ ದೇಶದ ಕಾನೂನೇ ಅದಕ್ಕೆ. ಸಿಲೋನಿನ ಕಾನೂನಿಗೆ ಅಳಿಯಸಂತಾನ ಎಂದರೆ ಏನೆಂದೇ ಗೊತ್ತಿಲ್ಲ. ಸತ್ತವನ ಹೆಸರಲ್ಲಿದ್ದದ್ದಕ್ಕೆ ಅವನ ಹೆಂಡತಿಯೇ ಮುಂದು. ಬಾಡಿಗೆ ಎಲ್ಲ ಅಲ್ಲಿಯ ಕೋರ್ಟಿನಲ್ಲಿ ಬಿದ್ದಿದೆ. ಅವಳು ದಸ್ಕತ್ತು ಹಾಕಿ ಬಿಟ್ಟುಕೊಡುವವರೆಗೆ ಒಂದು ಕಾಸೂ ಹೊರಗೆ ಬರುವುದಿಲ್ಲ.

"ನಮ್ಮ್ ದುಡ್ಡಗ್ ತಕಂಡ್ ಮನಿ. ಅಬ್ಬಿ ಕೈಬಳಿ ಹೋಯ್ತ್ ಅದ್ಕೆ. ಆ ಹೆಂಗ್ಸಿಂದ್ ಹ್ಯಾಂಗ್ ಆತ್ತ್ ಅಂತ ಕೇಂಡೆ. ದುಡ್ಡ್ ನಿಮ್ದ್, ಕಾನೂನ್ ಅವರದ್ ಅಂದ್ರ್ ವಕೀಲ್ರ್."

ಅಟ್ಟದ ಮೇಲೆ ಹುಲ್ಲಿನಲ್ಲಿ ಕಟ್ಟಿದ ಎರಡು ಅಕ್ಕಿಮುಡಿ ಉಳಿದಿತ್ತು, ಮಳೆಗಾಲ ಎದುರಿಗಿತ್ತು. ಮತ್ತು ನಮ್ಮ ಗಂಜಿಯ ಒಡತಿಯನ್ನು ನಾವೇ ಒಂದು ಸೀರೆ, ಒಂದು ತಂಬಿಗೆ ಕೊಟ್ಟು ಮನೆಯಿಂದ ಕಳಿಸಿಯಾಗಿತ್ತು. ನನಗೆ ಒಳಗೊಳಗೇ ಸಂತೋಷವಾಯಿತು ಎಂದರೆ ಸುಳ್ಳಲ್ಲ. ಆದರೆ ಅಜ್ಜಿಯ ಬರಿಗೈ ನೋಡಿದಾಗ ಆ ಸಂತೋಷ ನಿಲ್ಲಲಿಲ್ಲ.

ಬ್ರಹ್ಮಾವರಕ್ಕೆ ಗಂಡಸರು ಹೋದರೆ ಮಾತು ಮುರಿಯುತ್ತದೆ, ಹೆಂಗಸರೇ ಹೋಗಬೇಕು ಎಂದಾಯಿತು. ಅಮ್ಮ ನನ್ನನ್ನು ಕರೆದುಕೊಂಡು ಹೊರಟಳು. ಪೆಟ್ರೋಲಿಲ್ಲದ ಆ ಕಾಲದ ಇದ್ದಿಲಿನ ಬಸ್ಸು ದಾರಿಯಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಮಾಬುಕಳದ ಹೊಳೆಗೆ ಆಗ ಸೇತುವೆ ಇರಲಿಲ್ಲ. ಬಸ್ಸಿಳಿದು ದೋಣಿಯಲ್ಲಿ ದಾಟಬೇಕು. ದೋಣಿಯಲ್ಲಿ ಅಮ್ಮ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ನೀರನ್ನೇ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಜೀವನದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ.

ಅತ್ತೆಯ ಅಣ್ಣ ಚಾವಡಿಯಲ್ಲೇ ಕೂತಿದ್ದರು. "ಬನ್ನಿ, ಕೂಕಣಿ" ಎಂದರು. ಬೆಲ್ಲ ನೀರು ಬಂತು. ಮಳೆ, ಲೆವಿ, ಸೀಮೆಎಣ್ಣೆ ಸಿಗದಿರುವುದು, ಎಲ್ಲದರ ಮಾತೂ ಆಯಿತು. ಅತ್ತೆ ಮಾತ್ರ ಹೊರಗೆ ಬರಲಿಲ್ಲ. ಅಮ್ಮ ಕೊನೆಗೆ ವಿಷಯ ಎತ್ತಿದಳು. ಅವರು ಅವಸರವಿಲ್ಲದೆ ಎಲೆಗೆ ಸುಣ್ಣ ಹಚ್ಚಿಕೊಂಡರು.

"ನಾವೂ ವಕೀಲ್ರ್ ಹತ್ರ ಕೇಂಡಿತ್" ಎಂದರು. "ಅವ್ಳ್ ಬಿಟ್ ಕೊಡ್ಕ್ ಅಂತ ಎಂತ ಇಲ್ಲೆ. ನಿಮ್ಮನಿಗೆ ಬ್ಯಾಡ ಅಂತ ನೀವೇ ಕಳ್ಸಿದ್ದ್ ಅಲ್ದಾ?"

ಅಮ್ಮನ ಕಿವಿ ಕೆಂಪಾಯಿತು. ಇನ್ನೇನು ಸಿಡಿಯುತ್ತಾಳೆ, ಬಂದ ಕೆಲಸ ನೀರುಪಾಲಾಗುತ್ತದೆ ಎಂದು ನಾನು ಅವಳ ಸೆರಗು ಹಿಡಿದೆ. ಅಷ್ಟರಲ್ಲಿ ಒಳಬಾಗಿಲಲ್ಲಿ ಅತ್ತೆ ಕಾಣಿಸಿದಳು. ಮೈ ಇಳಿದಿತ್ತು. ಅವಳು ಹುಟ್ಟಿದ ಮನೆ, ಹಕ್ಕಿನ ಮನೆ. ಆದರೂ ಬಾಗಿಲ ಚೌಕಟ್ಟು ಹಿಡಿದು ನಿಂತ ರೀತಿ ನೆಂಟರ ಮನೆಯಲ್ಲಿ ನಿಂತಂತಿತ್ತು. ಇಪ್ಪತ್ತು ವರ್ಷ ಬಿಟ್ಟ ಮನೆಯಲ್ಲಿ ಒಲೆ, ಕೋಣೆ, ಹಸು ಎಲ್ಲಕ್ಕೂ ಬೇರೆ ಕೈ ಬಂದಿರುತ್ತದೆ.

"ದಸ್ಕತ್ ಹಾಕ್ತೆ" ಎಂದಳು ಅತ್ತೆ. "ಆರೆ ಇಲ್ ಅಲ್ಲ. ನಮ್ಮನಿಯಗ್ ಕೂಕಂಡ್ ಹಾಕ್ತೆ."

"ನಮ್ಮನಿ ಅಂದ್ರೆ ಇದೇ ಅಲ್ದಾ?" ಎಂದರು ಅಣ್ಣ.

"ಇದ್ ನಾನ್ ಹುಟ್ಟಿದ್ ಮನಿ. ನಾನ್ ಹೇಳುದ್ ಬೀಜಾಡಿ ಮನಿ. ನಂಗ್ ಅಲ್ಲಿಗ್ ವಾಪಾಸ್ ಬರ್ಕ್."

ಅಮ್ಮ ತಲೆ ಎತ್ತಿದಳು. "ಬೊಜ್ಜ ಆದ್ ಮೇಲೆ ವಾಪಾಸ್ ಬಪ್ಪು ಕ್ರಮ ಇಲ್ಲೆ ಅತ್ಗಿ. ನಿಮ್ಗ್ ಗೊತ್ತಿತ್ತ್."

"ಕ್ರಮ ನಂಗ್ ಗೊತ್ತಿಲ್ದೆ ಏನ್. ನೀನ್ ಬೈಂದೂರಿಂದ ಬಂದ್ ದಿನ ಬಾಗ್ಲ್ ತೆಗ್ದದ್ ನಾನ್. ಸೊಂಟದಗ್ ಈ ಹೆಣ್ಣ್ ಇದ್ದಿತ್, ಕೈಯಗ್ ತಂಬ್ಗಿ ಇದ್ದಿತ್. ಆ ತಂಬ್ಗಿ ನೀನ್ ಎಂತ ಮಾಡ್ದೆ ಅಂತ ನಾನ್ ಇವತ್ತಿನ್ವರಿಗೂ ಯಾರ್ ಹತ್ರೂ ಹೇಳ್ಲಿಲ್ಲೆ."

ಅಮ್ಮ ಎದ್ದು ನಿಂತಳು. ಜಗಳವಾಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಮೆಟ್ಟಿಲವರೆಗೆ ಹೋಗಿ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಗಂಟ್ ಕಟ್ಕಣಿ. ಕಡಿ ದೋಣಿ ತಪ್ಪತ್ತ್."

ದೋಣಿಯಲ್ಲಿ ಮೂವರೂ ಬೇರೆ ಬೇರೆ ಕಡೆ ನೋಡುತ್ತಾ ಕೂತೆವು. ದಡ ಹತ್ತಿ ಅತ್ತೆ ಸ್ವಲ್ಪ ಹಿಂದೆ ಬಿದ್ದಾಗ ನಾನು ಅಮ್ಮನನ್ನು ಕೇಳಿದೆ, ಆ ತಂಬಿಗೆ ಏನಾಯಿತು ಎಂದು. ಬಯ್ಯುತ್ತಾಳೆ ಅಂದುಕೊಂಡಿದ್ದೆ.

"ಬಾವಿಯಗ್ ಹಾಕ್ದೆ" ಎಂದಳು ಅಮ್ಮ. "ಬಂದ್ ದಿನವೇ."

ನಮ್ಮ ಬಾವಿ. ದಿನಾ ನಾನು ನೀರು ಸೇದುತ್ತಿದ್ದ ಬಾವಿ. ಬೈಂದೂರಿನಿಂದ ತನ್ನನ್ನು ಕಳಿಸುವಾಗ ಕೊಟ್ಟ ತಂಬಿಗೆಯನ್ನು ಬಾವಿಗೆ ಎಸೆದವಳು ಅಂಥದೇ ತಂಬಿಗೆಯನ್ನು ಅತ್ತೆಗೆ ಹೇಗೆ ಕೊಟ್ಟಳು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳಿಗೆ ಬೇರೆ ಕ್ರಮವೇ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅತ್ತೆ ಮನೆಗೆ ಬಂದವಳೇ ಮೊದಲು ನೋಡಿದ್ದು ಉಪ್ಪಿನಕಾಯಿ ಭರಣಿಯನ್ನು. ಬಾಯಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಚಿಕ್ಕ ಮಾವ ಅವಳಿಗೆ ಕೇಳುವಂತೆ ಏನೂ ಅನ್ನಲಿಲ್ಲ. ಅಟ್ಟದ ಏಣಿಯ ಹತ್ತಿರ ಅಮ್ಮನನ್ನು ಕರೆದು ಹೇಳಿದ್ದು ಮಾತ್ರ ನನ್ನ ಕಿವಿಗೆ ಬಿತ್ತು.

"ದಸ್ಕತ್ ಹಾಕು ವರಿಗೆ ಇರ್ಲಿ. ಹಾಕಿದ್ ಮರ್ದಿನ ಬಸ್ಸಿಗೆ ಕೂರ್ಸ್ರಾಯ್ತ್. ಊರವ್ರ್ ಬಾಯಿಗೆ ಬೀಳುಕೆ ನಂಗಾತ್ತಿಲ್ಲೆ."

ಅಮ್ಮ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನನಗೆ ಅಂದಿನಿಂದ ಊಟ ಸೇರಲಿಲ್ಲ. ಅತ್ತೆಗೆ ಹೇಳಿಬಿಡಲೇ, ದಸ್ಕತ್ತು ಹಾಕಬೇಡ ಎನ್ನಲೇ? ಹಾಕದಿದ್ದರೆ ಮನೆಯವರಿಗೆ ಗಂಜಿಯಿಲ್ಲ. ಅಟ್ಟದಲ್ಲಿ ಒಂದೇ ಮುಡಿ ಉಳಿದಿತ್ತು. ಅಮ್ಮ ಅಕ್ಕಿ ತೆಗೆಯುವಾಗ ಪಾವಿನ ತಲೆಯನ್ನು ಕೈಯಿಂದ ಸವರಿ ಎರಡು ಕಾಳು ವಾಪಸು ಹಾಕುತ್ತಿದ್ದಳು. ಅತ್ತೆ ತನ್ನ ತಟ್ಟೆಗೆ ತಿಳಿಯನ್ನೇ ಹೆಚ್ಚು ಬಗ್ಗಿಸಿಕೊಳ್ಳುತ್ತಿದ್ದಳು. ಅಮ್ಮ ಅದನ್ನು ನೋಡುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಮೊದಲಿನಂತೆ ಬಯ್ದುಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಾಗದ ಸಿದ್ಧವಾಯಿತೆಂದು ವಕೀಲರು ಕುಂದಾಪುರದಿಂದ ಗಾಡಿ ಮಾಡಿಕೊಂಡು ತಾವೇ ಬಂದರು. ಚಾವಡಿಯಲ್ಲಿ ಚಾಪೆ ಹಾಸಿದರು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಚಿಕ್ಕ ಮಾವ ಮಸಿಕುಡಿಕೆಯ ಮುಚ್ಚಳವನ್ನು ತಾವೇ ತೆಗೆದಿಟ್ಟರು. ಅತ್ತೆಯನ್ನು ಕರೆದರು. ಅವಳು ಕೈ ಒರೆಸಿಕೊಂಡು ಬಂದು ಚಾಪೆಯ ಅಂಚಿನಲ್ಲಿ ಕೂತಳು. ಕಾಗದದಲ್ಲಿ ಏನಿದೆ ಎಂದು ವಕೀಲರು ಓದಿ ಹೇಳಿದರು. ಕೊಲಂಬೊದ ನಾಲ್ಕು ಮನೆಗಳಲ್ಲಿ ನನಗೆ ಯಾವ ಹಕ್ಕೂ ಬೇಡ, ಈಗಲೂ ಬೇಡ, ಮುಂದೆಯೂ ಬೇಡ. ಅತ್ತೆ ತಲೆಯಾಡಿಸಿ ಲೇಖನಿ ಎತ್ತಿಕೊಂಡಳು. ನಾನು ಒಳಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ.

"ಒಂದ್ ಗಳ್ಗಿ" ಎಂದಳು ಅಮ್ಮ.

ಅವಳು ಅಡುಗೆಮನೆಯಿಂದ ಚಾವಡಿಗೆ ಬಂದು ಗಂಡಸರ ಎದುರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ವಕೀಲ್ರೇ, ಇವ್ರ್ ದಸ್ಕತ್ ಹಾಕ್ರೆ ನಾಳಿಂದ ಇವ್ರ್ ಈ ಮನಿಯಗ್ ಇಪ್ಪುದ್ ಯಾವ್ ಲೆಕ್ಕದಗೆ?"

ವಕೀಲರು ಕನ್ನಡಕ ತೆಗೆದರು. "ಅದು ನಿಮ್ಮ ಮನೆಯ ಕ್ರಮಕ್ಕೆ ಬಿಟ್ಟದ್ದಮ್ಮ. ಕಾನೂನಿನಲ್ಲಿ ಅವರಿಗೆ ಇಲ್ಲಿ ಏನೂ ಇಲ್ಲ."

"ಬಿಟ್ ಕೊಡು ಕಾಗ್ದ ಅಲ್ದೆ, ಆ ಬಾಡ್ಗಿ ಇವ್ರ್ ಹೆಸ್ರಿಗೇ ಬಪ್ಪು ಹಾಂಗೆ ಬೇರೆ ಕಾಗ್ದ ಮಾಡುಕ್ ಆತ್ತಾ?"

"ಆಗುತ್ತದೆ. ಅಲ್ಲಿಯ ವಕೀಲರಿಗೆ ಇವರು ಅಧಿಕಾರ ಕೊಟ್ಟರೆ ಸಾಕು. ಬೇಗವೂ ಆಗುತ್ತದೆ. ಆದರೆ ಆಮೇಲೆ ಆ ಮನೆಗಳು ಇವರವು. ನಿಮ್ಮ ಮಾತು ನಡೆಯುವುದಿಲ್ಲ."

ಚಿಕ್ಕ ಮಾವ ಎದ್ದು ನಿಂತರು. "ಅಕ್ಕ, ನಿಂಗ್ ತಲಿ ಸಮ ಇತ್ತಾ? ನಾಳಿಗ್ ಇವ್ಳ್ ಬಾಡ್ಗಿ ತಕಂಡ್ ಬ್ರಹ್ಮಾವರಕ್ಕೆ ಹೋರೆ ನಾವ್ ಎಂತ ತಿಂಬುದ್?"

"ಹೋರೆ ಹೋಯ್ಲಿ. ಬಸ್ಸಿಗ್ ಕೂರ್ಸಿ ಕಳ್ಸುಕೆ ನೀನ್ ಹೊರ್ಟಿದ್ಯಲ್ಲ, ಅದ್ಕಿಂತ ಅವ್ರಾಗಿ ಹೋಪುದ್ ವಾಸಿ." ಅಮ್ಮ ತಮ್ಮನ ಕಡೆಗೇ ತಿರುಗಿದಳು. "ಬೈಂದೂರಿನವ್ರ್ ನನ್ನ್ ಕಳ್ಸ್‌ವಾಗ ನನ್ನ್ ಹೆಸ್ರಗ್ ಒಂದ್ ಗೋಡಿ ಇದ್ದಿದ್ರೂ ನಾನ್ ಹಾಂಗ್ ಬತ್ತಿರ್ಲಿಲ್ಲೆ."

ಅಷ್ಟು ವರ್ಷದಲ್ಲಿ ಬೈಂದೂರು ಎಂಬ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅಂದೇ. ಚಿಕ್ಕ ಮಾವ ಅಜ್ಜಿಯ ಕಡೆ ನೋಡಿದರು, ಅವಳಾದರೂ ಗದರಿಸಲಿ ಎಂದು. ಅಜ್ಜಿ ಬಳೆ ಹೋದ ಕೈಯನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡಳು. ಆಮೇಲೆ, "ದೊಡ್ಡ್ ಮಗ ಇದ್ರೆ ಅವ್ನೂ ಹೀಂಗೇ ಹೇಳ್ತಿದ್ದ" ಎಂದಳು. ಹಾಗೆ ಹೇಳುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅಜ್ಜಿಯ ಮಾತಿನ ಮೇಲೆ ಮಾತಿರಲಿಲ್ಲ.

ಅತ್ತೆ ಲೇಖನಿ ಹಿಡಿದುಕೊಂಡೇ ಕೂತಿದ್ದಳು. ಅಮ್ಮ ಬಗ್ಗಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಏಳಿ. ಒಲಿ ಮೇಲ್ ಗಂಜಿ ಉಕ್ಕತ್ತ್" ಎಂದಳು.

ಬೇರೆ ಕಾಗದ ಬರೆಸಿಯಾಯಿತು, ಮೊಹರು ಬಿತ್ತು, ಕೊಲಂಬೊಗೆ ಹೋಯಿತು. ಆಮೇಲೆ ಹಲವು ವಾರ ಕಾದೆವು. ಚಿಕ್ಕ ಮಾವ ಅಮ್ಮನ ಜೊತೆ ಮಾತು ಬಿಟ್ಟರು. ಕೊನೆಯ ಮುಡಿ ಬಿಚ್ಚಿದೆವು. ಕೆಸು, ಹಲಸಿನ ಬೀಜ ಹಾಕಿ ಗಂಜಿ ಹಿಗ್ಗಿಸಿದೆವು. ಬ್ರಹ್ಮಾವರದಿಂದ ಅತ್ತೆಯ ಅಣ್ಣನ ಆಳು ಒಮ್ಮೆ ಬಂದು, ಎಜಮಾನರು ಬರಹೇಳಿದ್ದಾರೆ ಎಂದ. ಅತ್ತೆ ಹಿತ್ತಿಲಲ್ಲಿ ಅವನ ಹತ್ತಿರ ಏನೋ ಮಾತಾಡಿದಳು. ಅಮ್ಮ ಅಡುಗೆಮನೆಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು, ಕಿಟಕಿಯ ಕಡೆ ತಿರುಗಲಿಲ್ಲ. ಚಿಕ್ಕ ಮಾವ ಕೇಳುವಂತೆ ನಕ್ಕರು. ಆಳು ಬಂದ ದಾರಿಯಲ್ಲಿ ಒಬ್ಬನೇ ಹೋದ. ಅತ್ತೆ ಒಳಗೆ ಬಂದು ಅಮ್ಮನ ಎದುರು ಕೂತು ತಾನೂ ಬೀಜ ಸುಲಿಯತೊಡಗಿದಳು.

ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಒಂದು ಮಧ್ಯಾಹ್ನ ಅಂಚೆಯವರು ಬಂದರು. ಚಿಕ್ಕ ಮಾವ ಎಂದಿನಂತೆ ಜಗಲಿಗೆ ಬಂದು ಕೈ ಚಾಚಿದರು. ಅಂಚೆಯವರು ಚೀಲ ಮುಚ್ಚಿಕೊಂಡರು.

"ಹ್ವಾಯ್, ಇದ್ ನಿಮ್ಗಲ್ಲ. ಕೊಳಂಬಿನಿಂದ ಬಂದದ್. ನಿಮ್ಮ್ ಅತ್ಗಿ ಹೆಸ್ರಗೆ ಇತ್ತ್. ಅವ್ರೇ ಬಂದ್ ದಸ್ಕತ್ ಹಾಕ್ಕ್."

ಅತ್ತೆಗೆ ಗಾಬರಿ. ಆ ಮನೆಗೆ ಬಂದಂದಿನಿಂದ ಅವಳು ಮುಂದಿನ ಜಗಲಿಯಲ್ಲಿ ಕೂತವಳಲ್ಲ. ಗುಡಿಸಿದ್ದಾಳೆ, ಸಗಣಿ ಸಾರಿಸಿದ್ದಾಳೆ, ಅಷ್ಟೇ. ಬೂದಿ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಂದು ನಿಂತೇ ದಸ್ಕತ್ತು ಹಾಕಹೊರಟಳು. ನಿಂತರೆ ಅಕ್ಷರ ಬರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತಳು. ಒಂದೊಂದೇ ಅಕ್ಷರ ಬರೆದಳು. ಅಂಚೆಯವರು ಹೋದರು. ಚಿಕ್ಕ ಮಾವ ತೋಟದ ಕಡೆ ನಡೆದುಬಿಟ್ಟರು. ಅತ್ತೆ ಅಲ್ಲೇ ಕೂತಳು, ಬಾಡಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಅಂಗಳದ ನೀರನ್ನು ನೋಡುತ್ತಾ. ಏಳುವ ಹಾಗೆ ಕಾಣಲಿಲ್ಲ.

ಅಮ್ಮ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಆ ಹಿತ್ತಾಳೆ ತಂಬಿಗೆ ಇತ್ತು, ಬೊಜ್ಜದ ಮರುದಿನ ಮಣೆಯ ಮೇಲಿಟ್ಟು ಕೊಟ್ಟದ್ದು, ಅತ್ತೆ ಗಂಟಿನಲ್ಲಿ ವಾಪಸು ತಂದದ್ದು. ತುಂಬ ನೀರಿತ್ತು. ಅದನ್ನು ಅತ್ತೆಯ ಪಕ್ಕದಲ್ಲಿಟ್ಟು, ತಾನೂ ಜಗಲಿಯಲ್ಲಿ ಕೂತಳು. ಅತ್ತೆ ಅರ್ಧ ಕುಡಿದು ತಂಬಿಗೆಯನ್ನು ಅಮ್ಮನ ಕಡೆ ಸರಿಸಿದಳು. ಅಮ್ಮ ಉಳಿದದ್ದನ್ನು ಕುಡಿದಳು.

"ನಾಳಿಗ್ ಅಕ್ಕಿ ತರುಕೆ ಪ್ಯಾಟಿಗ್ ಯಾರ್ ಹೋತ್ರ್?" ಎಂದು ಕೇಳಿದಳು ಅತ್ತೆ.

"ನಾವಿಬ್ರೂ ಹೋಪ" ಎಂದಳು ಅಮ್ಮ.